ಪ್ಲ್ಯಾನ್ 300 ಎಂಬಿಪಿಎಸ್, ಸ್ಪೀಡ್ 94ಕ್ಕೇ ನಿಲ್ಲುತ್ತಿದೆಯೇ? ತಪ್ಪು ಗೋಡೆಯೊಳಗಿನ ಕೇಬಲ್‌ನದ್ದಿರಬಹುದು!

ಮುಂಬೈ: ಹಣ ಕಟ್ಟುವುದು 300 ಎಂಬಿಪಿಎಸ್ ಪ್ಲ್ಯಾನ್‌ಗೆ. ಸ್ಪೀಡ್ ಟೆಸ್ಟ್ ಮಾಡಿದರೆ ಬರುವುದು 93 ಅಥವಾ 94. ಬೆಳಿಗ್ಗೆ ನೋಡಿದರೂ ಅಷ್ಟೇ, ನಡುರಾತ್ರಿ ನೋಡಿದರೂ ಅಷ್ಟೇ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ 'ನಮ್ಮ ಕಡೆ ಎಲ್ಲ ಸರಿಯಿದೆ' ಎಂಬ ಉತ್ತರ. ವಿಚಿತ್ರವೆಂದರೆ ಅನೇಕ ಬಾರಿ ಆ ಉತ್ತರ ನಿಜವೇ ಆಗಿರುತ್ತದೆ. ಬೀದಿಯಿಂದ ಮನೆ ಬಾಗಿಲವರೆಗೆ ಫೈಬರ್‌ನಲ್ಲಿ ಓಡಿ ಬಂದ ಇಂಟರ್ನೆಟ್, ಮನೆಯೊಳಗಿನ ಕೊನೆಯ ಹತ್ತು-ಇಪ್ಪತ್ತು ಮೀಟರ್ ಕೇಬಲ್‌ನಲ್ಲಿ ಎಡವುತ್ತದೆ.

ಮುಂಬೈನ ವಡಾಲದಂತಹ ಪ್ರದೇಶದಲ್ಲಿ ಈ ಸಮಸ್ಯೆಗೆ ಕಾರಣಗಳು ಹೇರಳ. ಹಳೆಯ ನಾಲ್ಕು ಮಹಡಿಯ ಕಟ್ಟಡಗಳು, ಅವುಗಳ ಪಕ್ಕದಲ್ಲೇ ಎದ್ದ ಎತ್ತರದ ಟವರ್‌ಗಳು, ರೀಡೆವಲಪ್‌ಮೆಂಟ್‌ಗೆ ಕಾದಿರುವ ಸೊಸೈಟಿಗಳು, ಶಾಲೆ-ಕಾಲೇಜುಗಳು, ಹೋಟೆಲ್‌ಗಳು, ಸಾಗಣೆ ಕಚೇರಿಗಳು ಎಲ್ಲವೂ ಇಲ್ಲಿವೆ. ಯಾವ ಕೇಬಲ್ ಎಲ್ಲಿಗೆ ಸರಿ, ತುದಿಗೆ ಯಾವ ಕನೆಕ್ಟರ್ ಇರಬೇಕು, ಕೆಲಸ ಸರಿಯಾಗಿದೆ ಎಂದು ಪರೀಕ್ಷಿಸುವುದು ಹೇಗೆ? ಇಲ್ಲಿದೆ ಮಾಹಿತಿ.

94ರ ಗುಟ್ಟೇನು?

ನೆಟ್‌ವರ್ಕ್ ಕೇಬಲ್‌ನ ಹೊದಿಕೆ ಸುಲಿದರೆ ಒಳಗೆ ಎಂಟು ಸಣ್ಣ ತಂತಿಗಳು ಕಾಣುತ್ತವೆ. ಎರಡೆರಡು ತಂತಿಗಳನ್ನು ಒಂದಕ್ಕೊಂದು ಸುತ್ತಿ ನಾಲ್ಕು ಜೋಡಿ ಮಾಡಿರುತ್ತಾರೆ. 1995ರಲ್ಲಿ ಬಂದ 100 ಎಂಬಿಪಿಎಸ್ 'ಫಾಸ್ಟ್ ಎತರ್ನೆಟ್' ಕೆಲಸ ಮಾಡಲು ಎರಡು ಜೋಡಿ ಸಾಕು. 1999ರಲ್ಲಿ ಬಂದ ಗಿಗಾಬಿಟ್ ಎತರ್ನೆಟ್‌ಗೆ, ಅಂದರೆ 1000 ಎಂಬಿಪಿಎಸ್‌ಗೆ, ನಾಲ್ಕೂ ಜೋಡಿ ಬೇಕು.

ಕೇಬಲ್‌ನಲ್ಲಿ ಒಂದೇ ಒಂದು ತಂತಿ ತುಂಡಾಗಿದ್ದರೆ ಅಥವಾ ಕನೆಕ್ಟರ್‌ನೊಳಗೆ ಸರಿಯಾಗಿ ಕೂತಿರದಿದ್ದರೆ ನಾಲ್ಕನೆಯ ಜೋಡಿ ಸಿಗುವುದಿಲ್ಲ. ಆಗ ಸಾಮಾನ್ಯವಾಗಿ ರೌಟರ್ ಮತ್ತು ಕಂಪ್ಯೂಟರ್ 100 ಎಂಬಿಪಿಎಸ್‌ಗೆ ಇಳಿದು ಕೆಲಸ ಮುಂದುವರಿಸುತ್ತವೆ. ಡೇಟಾದ ಜೊತೆ ಹೋಗಬೇಕಾದ ವಿಳಾಸ ಮುಂತಾದ ಮಾಹಿತಿಗೆ ಒಂದಿಷ್ಟು ಭಾಗ ಹೋಗಿ ಬಳಕೆದಾರರಿಗೆ ಉಳಿಯುವುದು ಸುಮಾರು 94. ಇಂಟರ್ನೆಟ್ ನಿಲ್ಲುವುದಿಲ್ಲ, ದೋಷದ ಸಂದೇಶವೂ ಬರುವುದಿಲ್ಲ. ಹೀಗಾಗಿ ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದೇ ಇಲ್ಲ.

ಆದರೆ ಕೇಬಲ್ ಮೇಲೆ ಗೂಬೆ ಕೂರಿಸುವ ಮೊದಲು ಎರಡು ವಿಷಯ ಗಮನಿಸಿ. ಅಗ್ಗದ ಕೆಲವು ರೌಟರ್‌ಗಳ ಪೋರ್ಟ್‌ಗಳೇ 100 ಎಂಬಿಪಿಎಸ್‌ನವು. ಅನೇಕ ಸ್ಮಾರ್ಟ್ ಟಿವಿಗಳ ಪೋರ್ಟ್ ಕೂಡ ಹಾಗೆಯೇ. ಗಿಗಾಬಿಟ್ ಪೋರ್ಟ್ ಇರುವ ಲ್ಯಾಪ್‌ಟಾಪ್ ಅನ್ನು ನೇರವಾಗಿ ಕೇಬಲ್‌ಗೆ ಜೋಡಿಸಿ, ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ 'ಲಿಂಕ್ ಸ್ಪೀಡ್' ನೋಡಿ. ರೌಟರ್‌ನ ಪೋರ್ಟ್ ಗಿಗಾಬಿಟ್ ಆಗಿದ್ದೂ ಅಲ್ಲಿ 1000ದ ಬದಲು 100 ಎಂದು ಕಂಡರೆ, ಮೊದಲ ಅನುಮಾನ ಕೇಬಲ್ ಮತ್ತು ಅದರ ಎರಡು ತುದಿಗಳ ಮೇಲೆಯೇ ಇರಬೇಕು.

ವಡಾಲದಲ್ಲಿ ಕೇಬಲ್‌ಗೆ ಕಾಟ ಕೊಡುವುದು ಏನೇನು?

ನ್ಯಾಷನಲ್ ಕನ್ನಡ ಎಜ್ಯುಕೇಶನ್ ಸೊಸೈಟಿಯ ಶಾಲೆಯಿಂದಾಗಿ ಮುಂಬೈ ಕನ್ನಡಿಗರಿಗೆ ವಡಾಲ ಚಿರಪರಿಚಿತ. ಪಕ್ಕದ ಮಾಟುಂಗಾದಲ್ಲಿ ಮೈಸೂರು ಅಸೋಸಿಯೇಷನ್ ಇದೆ. ಇವೆರಡರ ಸುತ್ತಮುತ್ತ ಉಡುಪಿ ಹೋಟೆಲ್‌ಗಳಿವೆ. ಪೂರ್ವಕ್ಕೆ ಹೋದರೆ ಉಪ್ಪಿನ ಆಗರಗಳು, ಕಾಂಡ್ಲಾ ಗಿಡಗಳು, ಸಮುದ್ರದ ಹಿನ್ನೀರು. ಅಂದರೆ ಇಲ್ಲಿನ ಗಾಳಿಯಲ್ಲಿ ತೇವವೂ ಇದೆ, ಉಪ್ಪೂ ಇದೆ.

ಲೋಹದ ಕನೆಕ್ಟರ್‌ಗೆ ಈ ಗಾಳಿ ಶತ್ರು. ಒಳ್ಳೆಯ ಕನೆಕ್ಟರ್‌ನ ಸಂಪರ್ಕ ಬಿಂದುಗಳಿಗೆ ತೆಳುವಾಗಿ ಚಿನ್ನದ ಲೇಪ ಕೊಡುವುದು ತುಕ್ಕು ಹಿಡಿಯದಿರಲಿ ಎಂದೇ. ಅಗ್ಗದ ಕನೆಕ್ಟರ್‌ಗಳಲ್ಲಿ ಈ ಲೇಪ ಹೆಸರಿಗಷ್ಟೇ ಇರುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹಸಿರು-ಕಪ್ಪು ಕಲೆ ಕಾಣಿಸಬಹುದು.

ಇನ್ನು ಹಳೆಯ ಕಟ್ಟಡಗಳಲ್ಲಿ ಕೇಬಲ್ ಎಳೆಯಲು ಪ್ರತ್ಯೇಕ ಪೈಪ್ ಇರುವುದು ಅಪರೂಪ. ತಾರಸಿಯಿಂದ ಹೊರಗೋಡೆಯ ಮೇಲೆ ಇಳಿದು ಕಿಟಕಿಯಿಂದ ಒಳಗೆ ಬರುತ್ತದೆ. ಒಳಾಂಗಣಕ್ಕೆ ತಯಾರಾದ ಬೂದು ಬಣ್ಣದ ಕೇಬಲ್ ಅನ್ನು ಹೀಗೆ ಬಿಸಿಲಿಗೆ ಒಡ್ಡಿದರೆ ಹೊದಿಕೆ ಬಿರುಕು ಬಿಡುತ್ತದೆ, ಮಳೆ ನೀರು ಒಳಗಿಳಿಯುತ್ತದೆ. ಹೊರಗಡೆ ಹಾಕಲು ಬಿಸಿಲು ತಡೆಯುವ ಕಪ್ಪು ಪಾಲಿಎಥಿಲೀನ್ ಹೊದಿಕೆಯ ಕೇಬಲ್ ಬೇರೆಯೇ ಇದೆ. ಕಿಟಕಿಗೆ ಬರುವ ಮುನ್ನ ಕೇಬಲ್ ಅನ್ನು ಸ್ವಲ್ಪ ಕೆಳಕ್ಕೆ ಇಳಿಬಿಟ್ಟು ಮೇಲಕ್ಕೆ ತಂದರೆ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಖರ್ಚಿಲ್ಲದ ಉಪಾಯ ಇದು.

ಕೇಬಲ್‌ನಲ್ಲಿ ಮೂರು ಕುಲ

ಕೋಆಕ್ಸಿಯಲ್: ನಡುವೆ ಒಂದು ತಂತಿ, ಅದರ ಸುತ್ತ ಪ್ಲಾಸ್ಟಿಕ್, ಮೇಲೆ ಲೋಹದ ಜಾಲರಿ. ಕೇಬಲ್ ಟಿವಿ ಮತ್ತು ಡಿಷ್‌ಗೆ ಬರುವ 'ಆರ್‌ಜಿ6' ಈ ಕುಲದ್ದು. ಅದರ ತುದಿಯಲ್ಲಿ ತಿರುಗಿಸಿ ಕೂರಿಸುವ ಎಫ್ ಕನೆಕ್ಟರ್ ಇರುತ್ತದೆ. ಹಳೆಯ ಸಿಸಿಟಿವಿಗಳಲ್ಲಿ ಒತ್ತಿ ತಿರುಗಿಸುವ ಬಿಎನ್‌ಸಿ ಕನೆಕ್ಟರ್ ಕಾಣಬಹುದು. 1973ರಲ್ಲಿ ಅಮೆರಿಕದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ಬಾಬ್ ಮೆಟ್‌ಕಾಫ್ ಎತರ್ನೆಟ್ ರೂಪಿಸಿದಾಗ ಬಳಸಿದ್ದೂ ಕೋಆಕ್ಸಿಯಲ್ ಕೇಬಲ್ಲನ್ನೇ. ಒಂದೇ ಕೇಬಲ್‌ಗೆ ಎಲ್ಲ ಕಂಪ್ಯೂಟರ್ ಜೋಡಿಸುವ ಆ ಪದ್ಧತಿಯಲ್ಲಿ ಒಂದು ಕಡೆ ತುಂಡಾದರೆ ಇಡೀ ಆಫೀಸ್ ಸ್ತಬ್ಧವಾಗುತ್ತಿತ್ತು.

ಟ್ವಿಸ್ಟೆಡ್ ಪೇರ್: ಮನೆ, ಆಫೀಸ್‌ಗಳಲ್ಲಿ 'ಲ್ಯಾನ್ ಕೇಬಲ್' ಎಂದು ಕರೆಯುವುದು ಇದನ್ನೇ. ತಂತಿಗಳನ್ನು ಸುತ್ತುವ ಉಪಾಯ ಟೆಲಿಫೋನ್ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರದು, 1881ರದ್ದು. ಹೊರಗಿನ ವಿದ್ಯುತ್ ಗದ್ದಲ ಸುತ್ತಿದ ಎರಡೂ ತಂತಿಗಳ ಮೇಲೆ ಸಮನಾಗಿ ಬೀಳುತ್ತದೆ. ಇನ್ನೊಂದು ತುದಿಯ ಸಾಧನ ಎರಡು ತಂತಿಗಳ ವ್ಯತ್ಯಾಸವನ್ನಷ್ಟೇ ಓದುವುದರಿಂದ ಗದ್ದಲ ವಜಾ ಆಗಿಬಿಡುತ್ತದೆ. ನಾಲ್ಕು ಜೋಡಿಗಳನ್ನೂ ಬೇರೆ ಬೇರೆ ಅಳತೆಯಲ್ಲಿ ಸುತ್ತಿರುತ್ತಾರೆ. ಒಂದು ಜೋಡಿಯ ಮಾತು ಪಕ್ಕದ ಜೋಡಿಗೆ ಕೇಳಿಸದಿರಲಿ ಎಂಬುದು ಇದರ ಉದ್ದೇಶ.

ಫೈಬರ್: ಇದರಲ್ಲಿ ವಿದ್ಯುತ್ ಹರಿಯುವುದಿಲ್ಲ, ಗಾಜಿನ ಎಳೆಯಲ್ಲಿ ಬೆಳಕು ಹರಿಯುತ್ತದೆ. ಮನೆಗೆ ಬರುವ 'ಸಿಂಗಲ್ ಮೋಡ್' ಫೈಬರ್‌ನಲ್ಲಿ ಬೆಳಕು ಸಾಗುವ ಒಳಗಿನ ಭಾಗ ಸುಮಾರು 9 ಮೈಕ್ರಾನ್ ಮಾತ್ರ. ಅಂದರೆ ಒಂದು ಮಿಲಿಮೀಟರ್‌ನ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ.

ಕ್ಯಾಟ್ 5ಇ, 6, 6ಎ, 8: ಯಾರಿಗೆ ಯಾವುದು?

ಲ್ಯಾನ್ ಕೇಬಲ್‌ಗಳನ್ನು 'ಕೆಟಗರಿ' ಅಥವಾ 'ಕ್ಯಾಟ್' ಸಂಖ್ಯೆಯಿಂದ ಗುರುತಿಸುತ್ತಾರೆ.

- ಕ್ಯಾಟ್ 5ಇ: 100 ಮೆಗಾಹರ್ಟ್ಸ್. 100 ಮೀಟರ್‌ವರೆಗೆ 1 ಗಿಗಾಬಿಟ್. ಇಂದಿನ ಬಹುತೇಕ ಮನೆಗಳ ಪ್ಲ್ಯಾನ್‌ಗೆ ಇದೇ ಸಾಕು.
- ಕ್ಯಾಟ್ 6: 250 ಮೆಗಾಹರ್ಟ್ಸ್. 100 ಮೀಟರ್‌ಗೆ 1 ಗಿಗಾಬಿಟ್, ಸುಮಾರು 55 ಮೀಟರ್‌ವರೆಗೆ 10 ಗಿಗಾಬಿಟ್. ಹೊಸದಾಗಿ ಗೋಡೆಯೊಳಗೆ ಹಾಕುವುದಾದರೆ ಇದು ಸರಿಯಾದ ಆಯ್ಕೆ.
- ಕ್ಯಾಟ್ 6ಎ: 500 ಮೆಗಾಹರ್ಟ್ಸ್. ಪೂರ್ತಿ 100 ಮೀಟರ್‌ಗೆ 10 ಗಿಗಾಬಿಟ್. ದಪ್ಪವೂ ಹೆಚ್ಚು, ಬಾಗಿಸುವುದೂ ಕಷ್ಟ. ಆಸ್ಪತ್ರೆ, ಕಾಲೇಜು, ದೊಡ್ಡ ಕಚೇರಿಗಳಿಗೆ ಸೂಕ್ತ.
- ಕ್ಯಾಟ್ 8: 2000 ಮೆಗಾಹರ್ಟ್ಸ್. 30 ಮೀಟರ್ ಒಳಗೆ 25 ಅಥವಾ 40 ಗಿಗಾಬಿಟ್. ಇದು ಡೇಟಾ ಸೆಂಟರ್‌ನ ಸರಕು. ಮನೆಗೆ ತಂದರೆ ಹಣ ದಂಡ.

ಆನ್‌ಲೈನ್‌ನಲ್ಲಿ 'ಕ್ಯಾಟ್ 7' ಎಂದು ಮಾರುವ ಚಪ್ಪಟೆ ಕೇಬಲ್‌ಗಳ ಬಗ್ಗೆ ಎಚ್ಚರ. ಅಮೆರಿಕದ ಟಿಐಎ ಮಾನದಂಡದಲ್ಲಿ ಕ್ಯಾಟ್ 7 ಎಂಬ ವರ್ಗವೇ ಇಲ್ಲ.

100 ಮೀಟರ್ ಮಿತಿಯಲ್ಲೂ ಒಂದು ಲೆಕ್ಕವಿದೆ. ಗೋಡೆಯೊಳಗಿನ ಸ್ಥಿರ ಕೇಬಲ್ 90 ಮೀಟರ್, ಎರಡೂ ತುದಿಯ ಪ್ಯಾಚ್ ಕಾರ್ಡ್‌ಗಳು ಸೇರಿ 10 ಮೀಟರ್. ಗೋಡೆಯೊಳಗೆ ಗಟ್ಟಿ ಒಂಟಿ ಎಳೆಯ ಕೇಬಲ್ ಬಳಸುತ್ತಾರೆ. ಪ್ಯಾಚ್ ಕಾರ್ಡ್‌ನಲ್ಲಿ ನವಿರಾದ ಹಲವು ಎಳೆಗಳಿರುತ್ತವೆ, ಪದೇ ಪದೇ ಬಾಗಿಸಿದರೂ ಮುರಿಯುವುದಿಲ್ಲ.

ತಾಮ್ರವೋ, ತಾಮ್ರದ ವೇಷವೋ?

ಮುಂಬೈನ ಲ್ಯಾಮಿಂಗ್ಟನ್ ರೋಡ್ ಇರಲಿ, ಬೆಂಗಳೂರಿನ ಎಸ್‌ಪಿ ರೋಡ್ ಇರಲಿ, 305 ಮೀಟರ್ ಅಂದರೆ ಸಾವಿರ ಅಡಿಯ ಬಾಕ್ಸ್‌ಗಳು ಸಾಲಾಗಿ ಕಾಣುತ್ತವೆ. ಎಲ್ಲದರ ಮೇಲೂ ಕ್ಯಾಟ್ 6 ಎಂದೇ ಬರೆದಿರುತ್ತದೆ. ಬೆಲೆಯಲ್ಲಿ ಮಾತ್ರ ಅಜಗಜಾಂತರ. ಕಾರಣ 'ಸಿಸಿಎ', ಅಂದರೆ ಅಲ್ಯೂಮಿನಿಯಂ ತಂತಿಗೆ ಮೇಲೆ ತಾಮ್ರದ ತೆಳು ಪದರ ಹೊದಿಸಿದ ಕೇಬಲ್.

ಅಲ್ಯೂಮಿನಿಯಂನಲ್ಲಿ ವಿದ್ಯುತ್ತಿಗೆ ತಡೆ ಹೆಚ್ಚು. ಬಾಗಿಸಿದರೆ ಬೇಗ ಮುರಿಯುತ್ತದೆ. ಲ್ಯಾನ್ ಕೇಬಲ್‌ನ ಅಂತರರಾಷ್ಟ್ರೀಯ ಮಾನದಂಡಗಳು ಸಿಸಿಎಯನ್ನು ಒಪ್ಪುವುದಿಲ್ಲ. ಕೇಬಲ್ ಮೇಲೆ ಕ್ಯಾಟ್ 6 ಎಂದು ಅಚ್ಚು ಹಾಕಿದ ಮಾತ್ರಕ್ಕೆ ಅದು ಕ್ಯಾಟ್ 6 ಆಗುವುದಿಲ್ಲ.

ಇದರ ನಿಜವಾದ ಅಪಾಯ ಕಾಣುವುದು ಸಿಸಿಟಿವಿಯಲ್ಲಿ. ಈಗಿನ ಐಪಿ ಕ್ಯಾಮೆರಾಗಳಿಗೆ ಪ್ರತ್ಯೇಕ ವಿದ್ಯುತ್ ತಂತಿ ಬೇಡ. ಡೇಟಾ ಹೋಗುವ ಅದೇ ಕೇಬಲ್‌ನಲ್ಲಿ ಕರೆಂಟೂ ಹೋಗುತ್ತದೆ. ಇದಕ್ಕೆ 'ಪವರ್ ಓವರ್ ಎತರ್ನೆಟ್' ಎಂದು ಹೆಸರು. 2003ರ ಮಾನದಂಡದಲ್ಲಿ 15.4 ವಾಟ್ ಇದ್ದುದು 2009ರಲ್ಲಿ 30 ವಾಟ್‌ಗೆ, 2018ರಲ್ಲಿ 90 ವಾಟ್‌ಗೆ ಏರಿದೆ. ಸಿಸಿಎ ಕೇಬಲ್ ಉದ್ದವಾದಷ್ಟೂ ದಾರಿಯಲ್ಲೇ ವೋಲ್ಟೇಜ್ ಸೋರಿಹೋಗುತ್ತದೆ. ಹಗಲಲ್ಲಿ ಕ್ಯಾಮೆರಾ ಸರಿಯಾಗಿಯೇ ಇರುತ್ತದೆ. ಕತ್ತಲಾಗಿ ಇನ್‌ಫ್ರಾರೆಡ್ ದೀಪಗಳು ಹೊತ್ತಿಕೊಂಡಾಗ ಹೆಚ್ಚು ವಿದ್ಯುತ್ ಬೇಕಾಗುತ್ತದೆ. ಅದು ಸಿಗದೆ ಕ್ಯಾಮೆರಾ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಸೊಸೈಟಿ ಗೇಟಿನ ಕ್ಯಾಮೆರಾ ಬೇಕಾದ ಹೊತ್ತಿಗೇ ಕಣ್ಣು ಮುಚ್ಚಿದಂತಾಗುತ್ತದೆ. ಅನೇಕ ಕೇಬಲ್‌ಗಳನ್ನು ಒಟ್ಟಿಗೆ ಕಟ್ಟಿಟ್ಟಲ್ಲಿ ಬಿಸಿಯೂ ಏರುತ್ತದೆ.

ಗುರುತಿಸುವುದು ಸುಲಭ. ಒಂದು ತಂತಿಯನ್ನು ಬ್ಲೇಡ್‌ನಿಂದ ಕೆರೆದು ನೋಡಿ. ಒಳಗೂ ಕೆಂಪಗಿದ್ದರೆ ತಾಮ್ರ, ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ. ಬಾಕ್ಸ್ ಎತ್ತಿ ನೋಡಿದರೂ ಗೊತ್ತಾಗುತ್ತದೆ, ಸಿಸಿಎ ಬಾಕ್ಸ್ ಎದ್ದು ಕಾಣುವಷ್ಟು ಹಗುರ. ಬಿಲ್‌ನಲ್ಲಿ 'ಶುದ್ಧ ತಾಮ್ರ' ಎಂದು ಬರೆಸಿಕೊಳ್ಳುವುದು ಇನ್ನೂ ಒಳ್ಳೆಯದು.

ತುದಿಯಲ್ಲಿದೆ ತಂತ್ರ

ಲ್ಯಾನ್ ಕೇಬಲ್ ತುದಿಯ ಪಾರದರ್ಶಕ ಪ್ಲಾಸ್ಟಿಕ್ ಪ್ಲಗ್‌ಗೆ ಎಲ್ಲರೂ ಆರ್‌ಜೆ45 ಎನ್ನುತ್ತಾರೆ. ಎಂಟು ಪಿನ್‌ಗಳ ಇದರ ಸರಿಯಾದ ಹೆಸರು 8ಪಿ8ಸಿ. ಲ್ಯಾಂಡ್‌ಲೈನ್ ಫೋನ್‌ನ ಚಿಕ್ಕ ಪ್ಲಗ್ ಆರ್‌ಜೆ11. ಒಂಟಿ ಎಳೆಯ ಕೇಬಲ್‌ಗೂ ಹಲವು ಎಳೆಗಳ ಕೇಬಲ್‌ಗೂ ಪ್ಲಗ್ ಒಳಗಿನ ಹಲ್ಲುಗಳ ಆಕಾರ ಬೇರೆ. ಅದಲು ಬದಲಾದರೆ ಮೊದಲ ದಿನ ಕೆಲಸ ಮಾಡಿ, ಆರು ತಿಂಗಳಿಗೆ ಕೈಕೊಡುತ್ತದೆ.

ಎಂಟು ತಂತಿಗಳ ಕ್ರಮಕ್ಕೆ ಟಿ568ಎ, ಟಿ568ಬಿ ಎಂಬ ಎರಡು ಪದ್ಧತಿಗಳಿವೆ. ಹೆಚ್ಚು ಬಳಕೆಯ ಟಿ568ಬಿ ಹೀಗಿದೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎ ಪದ್ಧತಿಯಲ್ಲಿ ಕಿತ್ತಳೆ ಮತ್ತು ಹಸಿರು ಜಾಗ ಬದಲಿಸುತ್ತವೆ. ಯಾವುದಾದರೂ ಸರಿ, ಇಡೀ ಕಟ್ಟಡದಲ್ಲಿ ಒಂದೇ ಇರಲಿ.

ಇಲ್ಲೇ ಒಂದು ದೊಡ್ಡ ತಪ್ಪು ಕಲ್ಪನೆ ಇದೆ. 'ಎರಡೂ ತುದಿಯಲ್ಲಿ ಬಣ್ಣ ಒಂದೇ ಕ್ರಮದಲ್ಲಿದ್ದರೆ ಆಯಿತು' ಎಂದು ಕೆಲವರು ಕಿತ್ತಳೆ, ಹಸಿರು, ನೀಲಿ, ಕಂದು ಜೋಡಿಗಳನ್ನು ಸಾಲಾಗಿ ಜೋಡಿಸಿಬಿಡುತ್ತಾರೆ. ನೋಡಲು ಅಚ್ಚುಕಟ್ಟು. ಆದರೆ 3 ಮತ್ತು 6ನೇ ಪಿನ್‌ಗಳು ಒಂದು ಜೋಡಿ, 4 ಮತ್ತು 5 ಇನ್ನೊಂದು ಜೋಡಿ ಎಂಬುದು ಎತರ್ನೆಟ್ ನಿಯಮ. ಸಾಲಾಗಿ ಕೂರಿಸಿದರೆ 3 ಮತ್ತು 6ಕ್ಕೆ ಬೇರೆ ಬೇರೆ ಜೋಡಿಯ ತಂತಿಗಳು ಸಿಗುತ್ತವೆ. ಸುತ್ತಿದ್ದರಿಂದ ಸಿಗಬೇಕಾದ ರಕ್ಷಣೆ ಹೋಗುತ್ತದೆ. ಇದನ್ನು 'ಸ್ಪ್ಲಿಟ್ ಪೇರ್' ಎನ್ನುತ್ತಾರೆ. ಅಗ್ಗದ ಟೆಸ್ಟರ್‌ನಲ್ಲಿ ಎಂಟೂ ದೀಪಗಳು ಸರಿಯಾಗಿಯೇ ಹೊತ್ತುತ್ತವೆ, ಸ್ಪೀಡ್ ಮಾತ್ರ ಬರುವುದಿಲ್ಲ.

ಇನ್ನೊಂದು ನಿಯಮ: ಪ್ಲಗ್ ಹತ್ತಿರ ಸುತ್ತು ಬಿಚ್ಚುವುದು ಅರ್ಧ ಇಂಚು, ಅಂದರೆ 13 ಮಿಲಿಮೀಟರ್ ಮೀರಬಾರದು. ಕೇಬಲ್‌ನ ಹೊರ ಹೊದಿಕೆಯ ತುದಿಯೂ ಪ್ಲಗ್ ಒಳಗೇ ಸಿಕ್ಕಿ ಬಿಗಿಯಾಗಬೇಕು.

ಗೋಡೆಯ ಕೇಬಲ್‌ಗೆ ನೇರ ಪ್ಲಗ್ ಹಾಕುವುದಕ್ಕಿಂತ, ಗೋಡೆಯಲ್ಲಿ ಜ್ಯಾಕ್ ಕೂರಿಸಿ ಅಲ್ಲಿಂದ ಪ್ಯಾಚ್ ಕಾರ್ಡ್ ಎಳೆಯುವುದು ಬಾಳಿಕೆಯ ದಾರಿ. ಹೋಟೆಲ್‌ಗಳಿಗೆ ಇದು ಇನ್ನೂ ಮುಖ್ಯ. ಗಲ್ಲಾದ ಬಿಲ್ಲಿಂಗ್ ಕಂಪ್ಯೂಟರ್‌ನಿಂದ ಅಡುಗೆಮನೆಯ ಕೆಒಟಿ ಪ್ರಿಂಟರ್‌ಗೆ ಹೋಗುವ ಕೇಬಲ್‌ಗೆ ಎಣ್ಣೆ ಹೊಗೆ, ಹಬೆ, ನೆಲ ತೊಳೆಯುವ ನೀರು ಎಲ್ಲದರ ಕಾಟ. ಪ್ರಿಂಟರ್‌ಗೆ ಬೇಕಾದ ಸ್ಪೀಡ್ ತೀರಾ ಕಡಿಮೆ, ಕ್ಯಾಟ್ 5ಇ ಧಾರಾಳ ಸಾಕು. ಕೈಕೊಡುವುದು ಸಾಮಾನ್ಯವಾಗಿ ಮುರಿದ ಲಾಕ್ ಕ್ಲಿಪ್ ಅಥವಾ ಜಿಡ್ಡು ಹಿಡಿದ ಪ್ಲಗ್. ಮಧ್ಯಾಹ್ನದ ಊಟದ ಹೊತ್ತಿಗೆ ಆರ್ಡರ್ ಚೀಟಿ ಬಾರದೆ ನಿಂತರೆ ಆಗುವ ನಷ್ಟಕ್ಕೆ ಹೋಲಿಸಿದರೆ ಜ್ಯಾಕ್ ಮತ್ತು ಎರಡು ಹೆಚ್ಚುವರಿ ಪ್ಯಾಚ್ ಕಾರ್ಡ್‌ಗಳ ಬೆಲೆ ಏನೂ ಅಲ್ಲ.

ಫೈಬರ್: ಹಸಿರಿಗೆ ಹಸಿರು, ನೀಲಿಗೆ ನೀಲಿ

ಮನೆಗೆ ಬರುವ ಫೈಬರ್ ತುದಿಯ ಕನೆಕ್ಟರ್ ಹಸಿರು ಬಣ್ಣದ್ದಾದರೆ ಅದು ಎಸ್‌ಸಿ-ಎಪಿಸಿ, ನೀಲಿಯಾದರೆ ಎಸ್‌ಸಿ-ಯುಪಿಸಿ. ಹಸಿರಿನ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ. ವಾಪಸ್ ಚಿಮ್ಮುವ ಬೆಳಕು ಪಕ್ಕಕ್ಕೆ ಹೋಗಲಿ ಎಂಬುದು ಉದ್ದೇಶ. ನೀಲಿಯ ತುದಿ ಓರೆಯಿಲ್ಲದೆ ನಯವಾಗಿರುತ್ತದೆ. ಎರಡನ್ನೂ ಬಲವಂತವಾಗಿ ಸೇರಿಸಿದರೆ ನಡುವೆ ಸಂದು ಉಳಿದು ಸಿಗ್ನಲ್ ಕುಸಿಯುತ್ತದೆ, ತುದಿಯೂ ಹಾಳಾಗಬಹುದು.

ಫೈಬರ್ ತುದಿಯನ್ನು ಬೆರಳಿನಿಂದ ಮುಟ್ಟಬಾರದು. ಕಣ್ಣ ಹತ್ತಿರ ಹಿಡಿದು ನೋಡಲೇಬಾರದು, ಅದರಲ್ಲಿ ಹರಿಯುವ ಇನ್‌ಫ್ರಾರೆಡ್ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಸೋಫಾ ಹಿಂದೆ ಮಡಚಿ ತುರುಕುವುದೂ ತಪ್ಪು. ತೀರಾ ಬಾಗಿದರೆ ಬೆಳಕು ಹೊರಗೆ ಸೋರುತ್ತದೆ. ಪೆಟ್ಟಿಗೆಯ ಮೇಲೆ 'ಲಾಸ್' ಎಂಬ ಕೆಂಪು ದೀಪ ಮಿನುಗಿದರೆ ಬೆಳಕು ತಲುಪುತ್ತಿಲ್ಲ ಎಂದರ್ಥ. ಮೊದಲು ಬಾಗಿದ ಜಾಗ ನೋಡಿ, ನಂತರ ಕಂಪನಿಗೆ ಕರೆ ಮಾಡಿ.

ಒಂದು ಕಟ್ಟಡದಿಂದ ಇನ್ನೊಂದಕ್ಕೆ ಸಂಪರ್ಕ ಕೊಡುವಾಗ ಫೈಬರ್ ಒಂದೇ ಸುರಕ್ಷಿತ ದಾರಿ ಎನ್ನಬಹುದು. ಎರಡು ಕಟ್ಟಡಗಳ ಅರ್ಥಿಂಗ್‌ನಲ್ಲಿ ವ್ಯತ್ಯಾಸವಿದ್ದರೆ ಅಥವಾ ಹತ್ತಿರದಲ್ಲಿ ಸಿಡಿಲು ಬಡಿದರೆ, ತಾಮ್ರದ ಕೇಬಲ್ ಮೂಲಕ ಎರಡೂ ಕಡೆಯ ಉಪಕರಣಗಳು ಸುಟ್ಟುಹೋಗಬಹುದು. ಲೋಹವಿಲ್ಲದ ಫೈಬರ್‌ನಲ್ಲಿ ಆ ಭಯವಿಲ್ಲ.

ಕೆಲಸಗಾರನ ಚೀಲದಲ್ಲಿ ಏನಿರಬೇಕು?

- ಸ್ಟ್ರಿಪ್ಪರ್: ಒಳಗಿನ ತಂತಿಗೆ ಗಾಯವಾಗದಂತೆ ಹೊದಿಕೆ ಸುಲಿಯಲು. ಹಲ್ಲಿನಿಂದ, ಚಾಕುವಿನಿಂದ ಸುಲಿಯುವ ಕೆಲಸಗಾರನನ್ನು ಕಂಡರೆ ಎಚ್ಚರ.
- ಕ್ರಿಂಪಿಂಗ್ ಟೂಲ್: ಪ್ಲಗ್‌ನ ಎಂಟು ಹಲ್ಲುಗಳನ್ನು ಒಮ್ಮೆಗೇ ಒತ್ತಿ ಕೂರಿಸಲು. ಪೂರ್ತಿ ಒತ್ತುವವರೆಗೆ ಬಿಡದ ರ‍್ಯಾಚೆಟ್ ಇರುವುದು ಉತ್ತಮ.
- ಪಂಚ್‌ಡೌನ್ ಟೂಲ್: ಗೋಡೆ ಜ್ಯಾಕ್, ಪ್ಯಾಚ್ ಪ್ಯಾನೆಲ್‌ಗಳಿಗೆ ತಂತಿ ಕೂರಿಸಲು. ಟೆಲಿಫೋನ್ ಕೆಲಸದವರು ಇದರ ಒಂದು ಬಗೆಯನ್ನು 'ಕ್ರೋನ್ ಟೂಲ್' ಎಂದೇ ಕರೆಯುತ್ತಾರೆ.
- ಟೋನರ್: ಒಂದು ತುದಿಗೆ ಸದ್ದಿನ ಸಿಗ್ನಲ್ ಕೊಟ್ಟು, ಇಪ್ಪತ್ತು ಕೇಬಲ್‌ಗಳ ಗೋಜಲಿನಲ್ಲಿ ಇನ್ನೊಂದು ತುದಿಯನ್ನು ಹುಡುಕಲು.
- ಟೆಸ್ಟರ್: ದೀಪದ ಸಣ್ಣ ಟೆಸ್ಟರ್ ತಂತಿ ತುಂಡಾಗಿದೆಯೇ ಎಂದಷ್ಟೇ ಹೇಳುತ್ತದೆ. ಕೇಬಲ್ ನಿಜಕ್ಕೂ ಕ್ಯಾಟ್ 6 ಗುಣಮಟ್ಟದ್ದೇ ಎಂದು ಅಳೆದು ವರದಿ ಕೊಡುವ 'ಸರ್ಟಿಫೈಯರ್' ಬೇರೆ. ಅದು ದುಬಾರಿ, ಆದರೆ ದೊಡ್ಡ ಗುತ್ತಿಗೆಗಳಲ್ಲಿ ಕೇಳಲೇಬೇಕು.
- ಫೈಬರ್‌ಗೆ: ಗಾಜನ್ನು ನೇರವಾಗಿ ಕತ್ತರಿಸುವ ಕ್ಲೀವರ್, ಎರಡು ಎಳೆಗಳನ್ನು ಕರಗಿಸಿ ಬೆಸೆಯುವ ಸ್ಪ್ಲೈಸಿಂಗ್ ಯಂತ್ರ, ಬೆಳಕು ಅಳೆಯುವ ಪವರ್ ಮೀಟರ್.

ಈ ಕೆಲಸ ಕಲಿತವರಿಗೆ ಬೇಡಿಕೆಯೂ ಇದೆ. ಐಟಿಐಗಳಲ್ಲಿ ಕಂಪ್ಯೂಟರ್ ಹಾರ್ಡ್‌ವೇರ್ ಮತ್ತು ನೆಟ್‌ವರ್ಕ್ ನಿರ್ವಹಣೆ ಎಂಬ ಟ್ರೇಡ್ ಇದೆ. ಸರಿಯಾದ ಉಪಕರಣ ಮತ್ತು ಕೈಚಳಕ ಇದ್ದವರಿಗೆ ಊರು ಯಾವುದಾದರೂ ಕೆಲಸ ಸಿಗುತ್ತದೆ.

ಸೊಸೈಟಿಗಳು ಈಗಲೇ ಕೇಳಬೇಕಾದ ಪ್ರಶ್ನೆಗಳು

ಗೋಡೆ ಮುಚ್ಚಿದ ಮೇಲೆ ಕೇಬಲ್ ಬದಲಿಸುವುದು ಕಷ್ಟ. ಹೀಗಾಗಿ ರೀಡೆವಲಪ್‌ಮೆಂಟ್ ಅಥವಾ ನವೀಕರಣದ ಹೊತ್ತಿನಲ್ಲೇ ಎಚ್ಚರ ವಹಿಸಬೇಕು. ಕಟ್ಟಡಗಳ ಡಿಜಿಟಲ್ ಸಂಪರ್ಕಕ್ಕೆ ರೇಟಿಂಗ್ ನೀಡುವ ನಿಯಮಾವಳಿಯನ್ನು ಟ್ರಾಯ್ 2024ರ ಅಕ್ಟೋಬರ್‌ನಲ್ಲಿ ಹೊರಡಿಸಿದೆ. ನೀರು, ವಿದ್ಯುತ್‌ನಂತೆ ನೆಟ್ ಸಂಪರ್ಕವೂ ಕಟ್ಟಡದ ಗುಣಮಟ್ಟದ ಭಾಗವಾಗುತ್ತಿದೆ ಎಂಬುದಕ್ಕೆ ಇದು ಸೂಚನೆ.

1. ನೆಟ್‌ವರ್ಕ್ ಕೇಬಲ್‌ಗೆ ವಿದ್ಯುತ್ ತಂತಿಯಿಂದ ಪ್ರತ್ಯೇಕವಾದ ಪೈಪ್ ಇದೆಯೇ? ಎರಡೂ ಒಂದೇ ಪೈಪ್‌ನಲ್ಲಿರುವುದು ಸಿಗ್ನಲ್‌ಗೂ ಕೆಟ್ಟದ್ದು, ಜೀವಕ್ಕೂ ಅಪಾಯ.

2. ಪೈಪ್‌ನಲ್ಲಿ ಮುಂದೆ ಇನ್ನೊಂದು ಕೇಬಲ್ ಎಳೆಯಲು ಜಾಗ ಮತ್ತು ಎಳೆಯುವ ದಾರ ಬಿಟ್ಟಿದ್ದಾರೆಯೇ?

3. ಮೆಟ್ಟಿಲು, ಲಿಫ್ಟ್ ಪಕ್ಕದ ಡಕ್ಟ್‌ಗಳಲ್ಲಿ 'ಎಲ್‌ಎಸ್‌ಜೆಡ್‌ಎಚ್' ಹೊದಿಕೆಯ ಕೇಬಲ್ ಹಾಕಿದ್ದಾರೆಯೇ? ಬೆಂಕಿ ಬಿದ್ದಾಗ ಸಾಮಾನ್ಯ ಪಿವಿಸಿ ದಟ್ಟ ಹೊಗೆ ಮತ್ತು ಆಮ್ಲದ ಅನಿಲ ಉಗುಳುತ್ತದೆ. ಇದು ಕಡಿಮೆ ಹೊಗೆಯದು.

4. ಪ್ರತಿ ಕೇಬಲ್‌ನ ಎರಡೂ ತುದಿಗೆ ಸಂಖ್ಯೆ ಬರೆದಿದ್ದಾರೆಯೇ? ನಕ್ಷೆ ಮತ್ತು ಪರೀಕ್ಷೆಯ ವರದಿ ಕೊಟ್ಟಿದ್ದಾರೆಯೇ?

5. ಬಿಲ್‌ನಲ್ಲಿ ತೋರಿಸಿದಷ್ಟು ಕೇಬಲ್ ನಿಜಕ್ಕೂ ಬಳಕೆಯಾಗಿದೆಯೇ? ಹೆಚ್ಚಿನ ಕೇಬಲ್‌ಗಳ ಹೊದಿಕೆಯ ಮೇಲೆ ಮೀಟರ್ ಸಂಖ್ಯೆ ಅಚ್ಚಾಗಿರುತ್ತದೆ. ಒಂದು ತುದಿಯ ಸಂಖ್ಯೆಯಿಂದ ಇನ್ನೊಂದು ತುದಿಯದನ್ನು ಕಳೆದರೆ ನಿಖರ ಉದ್ದ ಸಿಗುತ್ತದೆ.

ಮನೆಯಲ್ಲಿ ಈಗಾಗಲೇ 94ರ ಸಮಸ್ಯೆ ಇರುವವರು ಗೋಡೆ ಒಡೆಸುವ ಆತುರ ಮಾಡಬೇಕಿಲ್ಲ. ಮೊದಲು ಪ್ಯಾಚ್ ಕಾರ್ಡ್ ಬದಲಿಸಿ ನೋಡಿ. ನಂತರ ಎರಡೂ ತುದಿಯ ಪ್ಲಗ್ ಕತ್ತರಿಸಿ ಸರಿಯಾದ ಬಣ್ಣದ ಕ್ರಮದಲ್ಲಿ ಹೊಸದಾಗಿ ಕ್ರಿಂಪ್ ಮಾಡಿಸಿ. ಬಹಳಷ್ಟು ಮನೆಗಳಲ್ಲಿ ಇಷ್ಟಕ್ಕೇ ಲಿಂಕ್ ಸ್ಪೀಡ್ 1000ಕ್ಕೆ ಏರುತ್ತದೆ. ಏರದಿದ್ದರೆ ಮಾತ್ರ ಕೇಬಲ್ ಬದಲಾವಣೆ. ದುಬಾರಿ ಪ್ಲ್ಯಾನ್‌ಗೆ ಅಪ್‌ಗ್ರೇಡ್ ಆಗುವ ಯೋಚನೆ ಅದೆಲ್ಲದರ ನಂತರದ್ದು.